ಜಿಮ್ಮಿ ಎಷ್ಟು ಸಲ ಮರಳಿ ಬಂದರು?

ಕಳೆದ ಸಂಚಿಕೆಯ ಉತ್ತರವೊಂದರಲ್ಲಿ, ತಂಡದಿಂದ ಹೊರಬಿದ್ದು ಮತ್ತೆ ಸ್ಥಾನ ಗಳಿಸಿದ ಆಟಗಾರರ ಮಾತು ಬಂದಾಗ ಜಿಮ್ಮಿ ಎಂಬ ಅಡ್ಡಹೆಸರಿನ ಭಾರತದ ಕ್ರಿಕೆಟಿಗ ಮೊಹಿಂದರ್ ಅಮರನಾಥ್ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಅಷ್ಟಕ್ಕೆ ಬಿಡಬಾರದಿತ್ತು ಎಂದು ಹಲವು ಓದುಗರು ಬರೆದಿದ್ದಾರೆ. ಅವರ ಆಕ್ಷೇಪ ನ್ಯಾಯವಾದದ್ದು. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೊಹಿಂದರ್ ಅವರನ್ನು ಪುನರಾಗಮನದ ವೀರ ಎಂದು ಎಲ್ಲರೂ ಹೊಗಳುತ್ತಾರೆ. ನಿಜಕ್ಕೂ ಅವರು ಎಷ್ಟು ಸಲ ಹೊರಗೆ ಹೋಗಿ ಎಷ್ಟು ಸಲ ಒಳಗೆ ಬಂದರು? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಲೆಕ್ಕ ಇಡುವವರು ಬೇಸತ್ತು ಬಿಡುವಷ್ಟು ಸಲ. ಆದರೆ ಅವರ ಬದುಕನ್ನೇ ತಿರುಗಿಸಿದ ದೊಡ್ಡ ಅಂತರಗಳು ಮೂರು. ಮೊದಲನೆಯದು ಆರಂಭದಲ್ಲಿಯೇ ಬಂತು. 1969ರ ಡಿಸೆಂಬರಿನಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಮದ್ರಾಸಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಆಡಿದ ಈ ಹುಡುಗ ಕೀತ್ ಸ್ಟ್ಯಾಕ್‌ಪೋಲ್ ಮತ್ತು ಇಯಾನ್ ಚಾಪೆಲ್ ಅವರ ವಿಕೆಟ್‌ಗಳನ್ನು ಕಿತ್ತಿದ್ದರೂ, ಎರಡನೆಯ ಟೆಸ್ಟ್ ಆಡಲು 1976ರ ಜನವರಿಯವರೆಗೆ, ನ್ಯೂಜಿಲೆಂಡ್ ಪ್ರವಾಸದವರೆಗೆ, ಕಾಯಬೇಕಾಯಿತು. ಎರಡನೆಯದು 1979ರ ಕೊನೆಯಿಂದ 1982ರ ಕೊನೆಯವರೆಗಿನ ಮೂರು ವರ್ಷ. ಮೂರನೆಯದು ವಿಶ್ವಕಪ್ ಗೆದ್ದ ಕೆಲವೇ ತಿಂಗಳಲ್ಲಿ ಬಂದದ್ದು. ಅದರ ಕಥೆ ಮುಂದಿನ ಪ್ರಶ್ನೆಯೊಂದರಲ್ಲಿ ಇದೆ. ಉಳಿದವು ಒಂದು ಸರಣಿ, ಎರಡು ಟೆಸ್ಟ್‌ಗಳ ಮಟ್ಟಿನವು. ಬೇರೆಯವರಾದರೆ ಅವನ್ನೂ ದೊಡ್ಡದು ಮಾಡುತ್ತಿದ್ದರೇನೋ.

ಪ್ರಶ್ನೆ: ತಲೆಗೆ ಪೆಟ್ಟು ಬಿದ್ದ ಮೇಲೆಯೂ ಅವರು ಹುಕ್ ಹೊಡೆತವನ್ನು ಬಿಡಲಿಲ್ಲವೆಂದು ಕೇಳಿದ್ದೇನೆ. ಇದನ್ನು ಧೈರ್ಯ ಎನ್ನಬೇಕೋ, ಹಟಮಾರಿತನ ಎನ್ನಬೇಕೋ? (ಹಾಸನದಿಂದ)

ಉತ್ತರ: ಈ ಪ್ರಶ್ನೆ ಬಂದದ್ದಕ್ಕೆ ಸಂತೋಷವಾಯಿತು, ಏಕೆಂದರೆ ನನ್ನ ಮಟ್ಟಿಗೆ ಮೊಹಿಂದರ್ ಅವರ ಇಡೀ ಕಥೆ ಈ ಒಂದು ಹೊಡೆತದ ಸುತ್ತಲೇ ಇದೆ. ಹುಕ್ ಎಂದರೆ ತಲೆಯ ಎತ್ತರಕ್ಕೆ ಏರಿ ಬರುವ ಚೆಂಡನ್ನು ಬ್ಯಾಟ್ ಅಡ್ಡ ಬೀಸಿ ಲೆಗ್ ಬದಿಗೆ ಹೊಡೆಯುವುದು. 1979ರ ಇಂಗ್ಲೆಂಡ್ ಪ್ರವಾಸದಲ್ಲಿ ನಾಟಿಂಗ್‌ಹ್ಯಾಂಶೈರ್ ವಿರುದ್ಧದ ಪಂದ್ಯದಲ್ಲಿ ರಿಚರ್ಡ್ ಹ್ಯಾಡ್ಲಿ ಅವರ ಎಸೆತ ತಲೆಗೆ ಬಡಿದು ತಲೆಬುರುಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಬೊಂಬಾಯಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಆಡಲು ಅವರು ಕ್ರೀಸಿಗೆ ಬಂದದ್ದು ತಲೆಯ ಮೇಲೆ ಸೋಲಾ ಟೋಪಿ ಇಟ್ಟುಕೊಂಡು, ಅಂದರೆ ನಮ್ಮ ಅಜ್ಜಂದಿರ ಕಾಲದ ಬ್ರಿಟಿಷ್ ಅಧಿಕಾರಿಗಳು ಬಿಸಿಲಿಗೆ ಹಾಕಿಕೊಳ್ಳುತ್ತಿದ್ದಂಥ ಟೋಪಿ. ಹೆಲ್ಮೆಟ್ ಆಗಿನ್ನೂ ಕ್ರಿಕೆಟ್ಟಿಗೆ ಹೊಸದು. ಆಸ್ಟ್ರೇಲಿಯದ ವೇಗಿ ರಾಡ್ನಿ ಹಾಗ್ ಬೌನ್ಸರ್, ಅಂದರೆ ಗಿಡ್ಡವಾಗಿ ಬಿದ್ದು ತಲೆಯೆತ್ತರಕ್ಕೆ ಪುಟಿಯುವ ಎಸೆತ, ಹಾಕಿದರು. ಮೊಹಿಂದರ್ ಆಯ ತಪ್ಪಿ ತಮ್ಮದೇ ವಿಕೆಟ್ಟಿನ ಮೇಲೆ ಬಿದ್ದರು. ಗಳಿಸಿದ್ದು 2 ರನ್, ಔಟಾದದ್ದು ಹಿಟ್ ವಿಕೆಟ್. ಗ್ಯಾಲರಿಯಲ್ಲಿ ಕುಳಿತವರಿಗೆ ಅದು ನಗುವ ದೃಶ್ಯವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಈತ ವೇಗದ ಬೌಲಿಂಗಿಗೆ ಹೆದರುತ್ತಾನೆ, ಇನ್ನು ಮುಗಿಯಿತು ಎಂಬ ತೀರ್ಮಾನ ಅಲ್ಲಿಂದ ಬೇರುಬಿಟ್ಟಿತು.

ಅಂಥ ಸ್ಥಿತಿಯಲ್ಲಿ ಯಾವ ಬ್ಯಾಟ್ಸ್‌ಮನ್ ಆದರೂ ಮಾಡುವುದು ಒಂದೇ: ಗಿಡ್ಡ ಎಸೆತ ಬಂದಾಗ ತಲೆ ತಗ್ಗಿಸಿ ಬಿಟ್ಟುಬಿಡುವುದು. ಮೊಹಿಂದರ್ ಅದನ್ನು ಮಾಡಲಿಲ್ಲ. 1982ರ ಕೊನೆಯಲ್ಲಿ ಪಾಕಿಸ್ತಾನಕ್ಕೆ ಹೋದಾಗ ಎದುರಿಗಿದ್ದವರು ಆ ಸರಣಿಯಲ್ಲಿ 40 ವಿಕೆಟ್ ಕಿತ್ತ ಇಮ್ರಾನ್ ಖಾನ್. ಆರು ಟೆಸ್ಟ್‌ಗಳ ಆ ಸರಣಿಯನ್ನು ಭಾರತ 3-0 ಅಂತರದಲ್ಲಿ ಸೋತಿತು. ನಮ್ಮ ಗುಂಡಪ್ಪ ವಿಶ್ವನಾಥರ ಟೆಸ್ಟ್ ಬದುಕು ಅಲ್ಲಿಯೇ, ಕರಾಚಿಯಲ್ಲಿ, ಕೊನೆಗೊಂಡಿತು. ಅದೇ ಸರಣಿಯಲ್ಲಿ ಮೊಹಿಂದರ್ ಮೂರು ಶತಕಗಳೊಂದಿಗೆ 584 ರನ್ ಗಳಿಸಿದರು. ಒಬ್ಬರ ಪಾಲಿಗೆ ಬಾಗಿಲು ಮುಚ್ಚಿದ ಕಡೆಯೇ ಇನ್ನೊಬ್ಬರ ಪಾಲಿಗೆ ತೆರೆದದ್ದನ್ನು ಕನ್ನಡಿಗರಾದ ನಾವು ಅಷ್ಟೇನೂ ಸುಖದಿಂದ ನೆನೆಯುವುದಿಲ್ಲ, ಅದು ಬೇರೆ ಮಾತು.

ಅಲ್ಲಿಂದ ನೇರವಾಗಿ ವೆಸ್ಟ್ ಇಂಡೀಸ್. ಆ್ಯಂಡಿ ರಾಬರ್ಟ್ಸ್, ಮೈಕೆಲ್ ಹೋಲ್ಡಿಂಗ್, ಜೋಯೆಲ್ ಗಾರ್ನರ್, ಮಾಲ್ಕಮ್ ಮಾರ್ಷಲ್ ಇವರನ್ನು ಎದುರಿಸಿ ಐದು ಟೆಸ್ಟ್‌ಗಳಲ್ಲಿ 598 ರನ್. ಬಾರ್ಬಡೋಸಿನ ಟೆಸ್ಟ್ ಅನ್ನು ಮಾತ್ರ ಬಿಡಿಸಿ ಹೇಳಬೇಕು. ಮೊದಲ ಇನಿಂಗ್ಸಿನಲ್ಲಿ 91 ಹೊಡೆದಿದ್ದ ಮೊಹಿಂದರ್, ಎರಡನೆಯ ಇನಿಂಗ್ಸಿನಲ್ಲಿ ಮಾರ್ಷಲ್ ಎಸೆತ ಬಾಯಿಗೆ ಬಡಿದು ರಕ್ತ ಸುರಿಸುತ್ತಾ ಮೈದಾನದಿಂದ ಹೊರಗೆ ಹೋದರು. ತುಟಿಗೆ ಹೊಲಿಗೆ ಹಾಕಿಸಿಕೊಂಡು ಮತ್ತೆ ಕ್ರೀಸಿಗೆ ಬಂದರು. ಗಾಯಗೊಂಡು ಮರಳಿದ ಆಟಗಾರನಿಗೆ ಹೋಲ್ಡಿಂಗ್ ಏನು ಹಾಕುತ್ತಾರೆಂಬುದು ಊಹಿಸಲು ಕಷ್ಟವಾದದ್ದಲ್ಲ. ಗಿಡ್ಡ ಎಸೆತವೇ ಬಂತು, ಮೊಹಿಂದರ್ ಹಿಂದೆ ಸರಿಯದೆ ಅದನ್ನು ಹುಕ್ ಮಾಡಿದರು. ಆ ಇನಿಂಗ್ಸಿನಲ್ಲಿ ಅವರದು 80 ರನ್. ಭಾರತ ಹತ್ತು ವಿಕೆಟ್‌ಗಳಿಂದ ಸೋತ ಪಂದ್ಯವದು, ಆದರೂ ಇಂದಿಗೂ ಆ ಟೆಸ್ಟ್ ಎಂದರೆ ಜನ ಮೊದಲು ನೆನೆಯುವುದು ಸೋತವರ ಪೈಕಿ ಒಬ್ಬನನ್ನು.

ಆದ್ದರಿಂದ ತಮ್ಮ ಪ್ರಶ್ನೆಗೆ ನನ್ನ ಉತ್ತರ: ಧೈರ್ಯವೂ ಇತ್ತು, ಹಟವೂ ಇತ್ತು, ಆದರೆ ಎರಡಕ್ಕಿಂತ ಹೆಚ್ಚಾಗಿ ಲೆಕ್ಕಾಚಾರವಿತ್ತು. ಹುಕ್ ಮಾಡುವ ಆಟಗಾರನಿಗೆ ಬೌಲರ್ ಯೋಚಿಸಿ ಬೌನ್ಸರ್ ಹಾಕುತ್ತಾನೆ. ಹುಕ್ ಬಿಟ್ಟವನಿಗೆ ಓವರಿಗೆ ನಾಲ್ಕು ಹಾಕುತ್ತಾನೆ. ತಮ್ಮನ್ನು ಉರುಳಿಸಿದ ಹೊಡೆತವನ್ನೇ ಅವರು ಕೊನೆಗೆ ತಮ್ಮ ಕಾವಲಿಗೆ ಇಟ್ಟುಕೊಂಡರು.

ಪ್ರಶ್ನೆ: ನನ್ನ ತಂದೆಯವರ ಎದುರು 705 ಎಂಬ ಸಂಖ್ಯೆ ಹೇಳಿದರೆ ಇಂದಿಗೂ ಮುಖ ಸಿಂಡರಿಸುತ್ತಾರೆ. ಆ ರಣಜಿ ಫೈನಲ್‌ನಲ್ಲಿ ಮೊಹಿಂದರ್ ಆಡಿದ್ದರೇ? (ಧಾರವಾಡದ ಓದುಗರು)

ಉತ್ತರ: ಆಡಿದ್ದರು. ತಮ್ಮ ತಂದೆಯವರ ಮುಖ ಸಿಂಡರಿಸಿದ್ದರಲ್ಲಿ ಅವರ ಪಾಲು ಚಿಕ್ಕದೇನಲ್ಲ. 1981-82ರ ಸಾಲಿನ ಫೈನಲ್, ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಕರ್ನಾಟಕ ಮೊದಲು ಬ್ಯಾಟ್ ಮಾಡಿ 705 ರನ್ ಪೇರಿಸಿತು. ಬ್ರಿಜೇಶ್ ಪಟೇಲ್, ಸಯ್ಯದ್ ಕಿರ್ಮಾನಿ ಶತಕ ಹೊಡೆದಿದ್ದರು. ಅಷ್ಟು ರನ್ ಕಲೆಹಾಕಿದ ತಂಡ ಸೋಲುತ್ತದೆಂದು ಯಾರು ತಾನೇ ಎಣಿಸುತ್ತಾರೆ? ಫೈನಲ್ ಡ್ರಾ ಆದರೆ ಮೊದಲ ಇನಿಂಗ್ಸಿನ ಮುನ್ನಡೆಯೇ ಟ್ರೋಫಿಯನ್ನು ತೀರ್ಮಾನಿಸುವ ನಿಯಮ. ದೆಹಲಿ 8 ವಿಕೆಟ್‌ಗೆ 707 ಮಾಡಿತು. ಒಂಬತ್ತನೆಯ ವಿಕೆಟ್‌ಗೆ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಮುರಿಯದ ಜೊತೆಯಾಟದಲ್ಲಿ 118 ರನ್ ಸೇರಿಸಿದ್ದನ್ನೇ ನಮ್ಮವರು ಹೆಚ್ಚಾಗಿ ಹೇಳಿಕೊಂಡು ಹಲುಬುತ್ತಾರೆ. ಅವರಿಬ್ಬರೂ ಅಲ್ಲಿಗೆ ಬರುವಂತೆ ಇನಿಂಗ್ಸನ್ನು ಹೊತ್ತು ನಡೆದದ್ದು ಮೊಹಿಂದರ್ ಅವರ 185.

ತಂಡದಿಂದ ಹೊರಗಿದ್ದ ಆ ಮೂರು ವರ್ಷಗಳಲ್ಲಿ ಅವರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗೆ ಈ ಇನಿಂಗ್ಸೇ ಉತ್ತರ. ಇಷ್ಟಾಗಿಯೂ 1982ರ ಬೇಸಿಗೆಯ ಇಂಗ್ಲೆಂಡ್ ಪ್ರವಾಸಕ್ಕೆ ಅವರ ಹೆಸರು ಬರಲಿಲ್ಲ. ಕರೆ ಬಂದದ್ದು ವರ್ಷದ ಕೊನೆಗೆ, ಪಾಕಿಸ್ತಾನಕ್ಕೆ.

ಪ್ರಶ್ನೆ: 69 ಟೆಸ್ಟ್ ಆಡಿ ಕೇವಲ 32 ವಿಕೆಟ್ ಪಡೆದವರನ್ನು ಆಲ್‌ರೌಂಡರ್ ಎನ್ನುವುದು ಸರಿಯೇ? (ಮಂಗಳೂರು)

ಉತ್ತರ: ಟೆಸ್ಟ್ ಲೆಕ್ಕದಲ್ಲಿ ತಮ್ಮ ಅನುಮಾನ ಸರಿ. ಒಂದು ವಿಕೆಟ್ಟಿಗೆ 55 ರನ್ ಮೀರಿದ ಸರಾಸರಿ ಹೆಮ್ಮೆ ಪಡುವಂಥದ್ದಲ್ಲ. 1976ರಲ್ಲಿ ಕ್ರೈಸ್ಟ್‌ಚರ್ಚಿನಲ್ಲಿ 63 ರನ್ನಿಗೆ 4 ವಿಕೆಟ್ ಪಡೆದದ್ದೇ ಅವರ ಅತ್ಯುತ್ತಮ ಸಾಧನೆ. ಟೆಸ್ಟಿನಲ್ಲಿ ಅವರು ಬ್ಯಾಟ್ಸ್‌ಮನ್ನೇ: 4378 ರನ್, 11 ಶತಕ, ಅವುಗಳಲ್ಲಿ 9 ವಿದೇಶಗಳಲ್ಲಿ. ಆ ಕಾಲದ ಭಾರತೀಯ ಬ್ಯಾಟ್ಸ್‌ಮನ್‌ಗಳ ಪೈಕಿ ಮನೆಗಿಂತ ಹೊರಗೆ ಹೆಚ್ಚು ಬೆಳಗಿದವರು ಬೆರಳೆಣಿಕೆಯಷ್ಟು.

ಆದರೆ ಒಂದು ದಿನದ ಪಂದ್ಯಕ್ಕೆ ಬಂದರೆ ನಿಮ್ಮ ಮಾತನ್ನು ಒಪ್ಪಲಾರೆ. 1983ರ ವಿಶ್ವಕಪ್ಪಿನ ಸೆಮಿಫೈನಲ್, ಓಲ್ಡ್ ಟ್ರ್ಯಾಫರ್ಡ್. ಮೊದಲ ವಿಕೆಟ್ಟಿಗೆ 69 ರನ್ ಸೇರಿಸಿ ಸರಾಗವಾಗಿ ಸಾಗಿದ್ದ ಇಂಗ್ಲೆಂಡನ್ನು ಮಧ್ಯದ ಓವರುಗಳಲ್ಲಿ ಕಟ್ಟಿಹಾಕಿದವರು ಮೊಹಿಂದರ್ ಮತ್ತು ಕೀರ್ತಿ ಆಜಾದ್. ಇಬ್ಬರೂ ಸೇರಿ 24 ಓವರುಗಳಲ್ಲಿ ಕೊಟ್ಟದ್ದು 55 ರನ್. ಮೊಹಿಂದರ್ ಪಾಲಿಗೆ 12 ಓವರ್, 27 ರನ್, ಡೇವಿಡ್ ಗೋವರ್ ಮತ್ತು ಮೈಕ್ ಗ್ಯಾಟಿಂಗ್ ವಿಕೆಟ್, ಬ್ಯಾಟಿಂಗಿನಲ್ಲಿ 46. ಆ ಬೌಲಿಂಗನ್ನು ನೋಡಿದವರಿಗೆ ಅದು ನೆನಪಿನಿಂದ ಹೋಗದು. ಸಂಜೆ ವಾಕಿಂಗಿಗೆ ಹೊರಟವರಂತೆ ನಿಧಾನವಾಗಿ ಬಂದು, ಕ್ರೀಸಿನ ಹತ್ತಿರ ಇನ್ನೂ ನಿಧಾನವಾಗಿ, ಚೆಂಡನ್ನು ಕೈಯಿಂದ ಬಿಡುತ್ತಿದ್ದರು. ವೇಗವಿಲ್ಲದ್ದರಿಂದಲೇ ಹೊಡೆಯಲು ಹೊರಟವರು ಮೋಸ ಹೋಗುತ್ತಿದ್ದರು.

ಲಾರ್ಡ್ಸ್ ಫೈನಲ್‌ನಲ್ಲಿ ಭಾರತದ 183 ರನ್ನಿನ ಪೈಕಿ ಅವರದು 26, ಅದಕ್ಕೆ ಆಡಿದ್ದು 80 ಎಸೆತ. ಇಂದಿನ ಹುಡುಗರು ಇದನ್ನು ಓದಿ ನಗಬಹುದು. ವೆಸ್ಟ್ ಇಂಡೀಸ್ 76ಕ್ಕೆ 6 ಆಗಿ, ಜೆಫ್ ಡುಜಾನ್ ಮತ್ತು ಮಾರ್ಷಲ್ ಮತ್ತೆ ಪಂದ್ಯವನ್ನು ಕೈಗೆ ತೆಗೆದುಕೊಳ್ಳುತ್ತಿದ್ದಾಗ ಚೆಂಡು ಮೊಹಿಂದರ್ ಕೈಗೆ ಬಂತು. ಡುಜಾನ್ ಬೌಲ್ಡ್. ಮಾರ್ಷಲ್ ಸ್ಲಿಪ್ಪಿನಲ್ಲಿ ಗಾವಸ್ಕರ್ ಕೈಗೆ ಕ್ಯಾಚ್. ಕಡೆಗೆ ಹೋಲ್ಡಿಂಗ್ ಎಲ್‌ಬಿಡಬ್ಲ್ಯು. ಏಳು ಓವರ್, 12 ರನ್, 3 ವಿಕೆಟ್, ಸೆಮಿಫೈನಲ್ ಮತ್ತು ಫೈನಲ್ ಎರಡರಲ್ಲೂ ಪಂದ್ಯಶ್ರೇಷ್ಠ. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ನಮ್ಮ ರೋಜರ್ ಬಿನ್ನಿ ಎಂಬುದನ್ನು ಇದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ವಾರ ಆಕ್ಷೇಪದ ಪತ್ರಗಳು ಬರುತ್ತವೆ. ಬಾರ್ಬಡೋಸಿನಲ್ಲಿ ಮೊಹಿಂದರ್ ಬಾಯಿಂದ ರಕ್ತ ಹರಿಸಿದ ಮಾರ್ಷಲ್, ಮರಳಿ ಬಂದಾಗ ಮತ್ತೆ ಬೌನ್ಸರ್ ಹಾಕಿದ ಹೋಲ್ಡಿಂಗ್, ಇವರಿಬ್ಬರ ವಿಕೆಟ್ಟೂ ಕೆಲವೇ ವಾರಗಳಲ್ಲಿ ಅದೇ ಮೊಹಿಂದರ್ ಅವರ ನಿಧಾನ ಬೌಲಿಂಗಿಗೆ ಬಿದ್ದದ್ದನ್ನು ಗಮನಿಸಿ.

ಪ್ರಶ್ನೆ: ವಿಶ್ವಕಪ್ ಗೆದ್ದ ವರ್ಷವೇ ಅವರು ಆರು ಇನಿಂಗ್ಸಿನಲ್ಲಿ ಒಂದೇ ರನ್ ಹೊಡೆದರೆಂದು ಗೆಳೆಯರು ಹೇಳುತ್ತಾರೆ. ನಂಬಬಹುದೇ? (ದಾವಣಗೆರೆ)

ಉತ್ತರ: ನಂಬಬಹುದು. ಆ ವರ್ಷದ ಕೊನೆಯಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಾಗ ಮೊಹಿಂದರ್ ಮೂರು ಟೆಸ್ಟ್‌ಗಳಲ್ಲಿ ಆಡಿದ ಆರು ಇನಿಂಗ್ಸ್‌ಗಳಲ್ಲಿ ಐದರಲ್ಲಿ ಸೊನ್ನೆ, ಒಂದರಲ್ಲಿ ಒಂದು ರನ್. ಹೊರದೇಶದಲ್ಲಿ 598 ಹೊಡೆದದ್ದು ಯಾರ ವಿರುದ್ಧವೋ, ತಾಯ್ನೆಲದಲ್ಲಿ ಒಂದೇ ರನ್ ಹೊಡೆದದ್ದೂ ಅವರ ವಿರುದ್ಧವೇ. ಇದಕ್ಕೆ ಕಾರಣ ಹುಡುಕಿ ಹಲವರು ಹಲವು ಬಗೆಯ ವಿವರಣೆ ಕೊಟ್ಟಿದ್ದಾರೆ. ನನಗೆ ಅವುಗಳಲ್ಲಿ ಯಾವುದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಬ್ಯಾಟ್ಸ್‌ಮನ್ ಬದುಕಿನಲ್ಲಿ ಅಂಥ ಗ್ರಹಚಾರ ಬರುತ್ತದೆ, ಇವರಿಗೆ ಒಟ್ಟಿಗೇ ಬಂತು. ಸಹಜವಾಗಿಯೇ ತಂಡದಿಂದ ಕೈಬಿಟ್ಟರು. 1984ರ ಅಕ್ಟೋಬರಿನಲ್ಲಿ ಲಾಹೋರಿನಲ್ಲಿ ಮತ್ತೆ ಟೆಸ್ಟ್ ಆಡಿದಾಗ ಎರಡನೆಯ ಇನಿಂಗ್ಸಿನಲ್ಲಿ ಔಟಾಗದೆ 101 ಹೊಡೆದು ಪಂದ್ಯವನ್ನು ಉಳಿಸಿದರು.

ಪ್ರಶ್ನೆ: ಅವರ ಜೇಬಿನಲ್ಲಿ ಸದಾ ಕೆಂಪು ಕರವಸ್ತ್ರ ಇರುತ್ತಿತ್ತಂತೆ? (ತುಮಕೂರು)

ಉತ್ತರ: ಹೌದು, ಅದೃಷ್ಟದ ನಂಬಿಕೆಯಿಂದ ಇಟ್ಟುಕೊಳ್ಳುತ್ತಿದ್ದರು. ಮೇಲಿನ ಆರು ಇನಿಂಗ್ಸ್‌ಗಳಲ್ಲಿ ಅದು ಏನು ಮಾಡುತ್ತಿತ್ತು ಎಂದು ಮಾತ್ರ ಕೇಳಬೇಡಿ.

ಪ್ರಶ್ನೆ: ಆಯ್ಕೆದಾರರನ್ನು ಅವರು ಬಹಿರಂಗವಾಗಿ ನಿಂದಿಸಿದ್ದು ಅವರ ವೃತ್ತಿಗೆ ಮುಳುವಾಯಿತೇ? (ಶಿರಸಿ)

ಉತ್ತರ: 1988ರಲ್ಲಿ ತಂಡದಿಂದ ಕೈಬಿಟ್ಟಾಗ ಆಯ್ಕೆದಾರರನ್ನು ‘ಜೋಕರ್‌ಗಳ ಗುಂಪು’ ಎಂದು ಕರೆದರು. ಆ ಮಾತಿನ ನಂತರ ಅವರು ಟೆಸ್ಟ್ ಆಡಲಿಲ್ಲ, 1989ರಲ್ಲಿ ಮಾತ್ರ ಒಂದು ದಿನದ ತಂಡಕ್ಕೆ ಮರಳಿ ಕೆಲವು ಪಂದ್ಯಗಳಲ್ಲಿ ಕಾಣಿಸಿಕೊಂಡರು. ಆದರೆ ಆಗ ಅವರಿಗೆ ಮೂವತ್ತೆಂಟರ ಪ್ರಾಯ ಎಂಬುದನ್ನು ಮರೆಯಬಾರದು. ಮಾತನ್ನು ನುಂಗಿಕೊಂಡಿದ್ದರೂ ಬಹಳ ವರ್ಷ ಆಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಮುಂದೆ ಅವರೇ ರಾಷ್ಟ್ರೀಯ ಆಯ್ಕೆ ಸಮಿತಿಯಲ್ಲಿ ಕುಳಿತರು. 2012ರಲ್ಲಿ ಅಲ್ಲಿಂದಲೂ ಹೊರಬಂದರು, ಅಲ್ಲಿಯೂ ಸದ್ದಿಲ್ಲದೆ ಅಲ್ಲ.

ಪ್ರಶ್ನೆ: ಅವರ ಮೊದಲ ಮತ್ತು ಕೊನೆಯ ಟೆಸ್ಟ್ ಒಂದೇ ಮೈದಾನದಲ್ಲಿ ನಡೆದವೆಂಬುದು ನಿಜವೇ? (ಬೆಂಗಳೂರಿನ ಹಿರಿಯ ಓದುಗರು)

ಉತ್ತರ: ನಿಜ. ಎರಡೂ ಮದ್ರಾಸಿನ ಚೆಪಾಕ್‌ನಲ್ಲಿ. ಕೊನೆಯದು 1988ರ ಜನವರಿಯಲ್ಲಿ, ಅದೂ ವೆಸ್ಟ್ ಇಂಡೀಸ್ ವಿರುದ್ಧ. ಆ ಪಂದ್ಯದಲ್ಲಿ ಮೊದಲ ಟೆಸ್ಟ್ ಆಡುತ್ತಿದ್ದ ನರೇಂದ್ರ ಹಿರ್ವಾನಿ 16 ವಿಕೆಟ್ ಕಿತ್ತು ಭಾರತವನ್ನು ಗೆಲ್ಲಿಸಿದರು. ಪತ್ರಿಕೆಗಳ ಮುಖಪುಟ, ಜನರ ಮಾತು ಎಲ್ಲವೂ ಕನ್ನಡಕ ಹಾಕಿದ್ದ ಆ ಹೊಸ ಹುಡುಗನ ಸುತ್ತಲೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅದೇ ಮೈದಾನಕ್ಕೆ ಇಳಿದಿದ್ದ ಜಿಮ್ಮಿ ಅಂದು ಪೆವಿಲಿಯನ್ನಿನ ಮೆಟ್ಟಿಲು ಹತ್ತಿದಾಗ, ಅದು ಅವರ ಕೊನೆಯ ಟೆಸ್ಟ್ ಎಂದು ಯಾರಿಗೂ ಗೊತ್ತಿರಲಿಲ್ಲ.