ಅವ್ವ ಎದುರಿಗೇ ಇರುವಾಗ ವಿಡಿಯೋ ಯಾಕೆ?

ಗದಗದಿಂದ ಒಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. 38 ವರ್ಷ, ಹುಬ್ಬಳ್ಳಿಯಲ್ಲಿ ಕೆಲಸ, ದಿನಾ ರೈಲಿನಲ್ಲಿ ಓಡಾಟ. ಆಫೀಸಿನಲ್ಲಿ ಕೂತರೆ ಮನೆ ಚಿಂತೆ, ಮನೆಗೆ ಬಂದರೆ ನಾಳಿನ ಚಿಂತೆ. ಅಣ್ಣಿಗೇರಿ ಯಾವಾಗ ಬಂತು, ಯಾವಾಗ ಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲವಂತೆ. ಈ ಕ್ಷಣದಲ್ಲಿ ಬದುಕುವುದನ್ನು ಕಲಿಯೋಣ ಅಂತ ದುಡ್ಡು ಕಟ್ಟಿ ಎರಡು ದಿನದ ಶಿಬಿರಕ್ಕೆ ಹೋಗಿ ಬಂದರು. ಮೊಬೈಲಿಗೆ ಧ್ಯಾನದ ಆ್ಯಪ್ ಹಾಕಿಕೊಂಡರು. ಬೆಳಿಗ್ಗೆ ಐದಕ್ಕೆ ಎದ್ದು ಉಸಿರು ಎಣಿಸಿದರು. ಹನ್ನೊಂದು ದಿನ ನಡೆಯಿತು, ಹನ್ನೆರಡನೇ ದಿನ ತಪ್ಪಿತು. ‘ನನ್ನಲ್ಲೇ ಏನೋ ಕೊರತೆ ಇದೆಯಾ?’ ಅಂತ ಕೇಳಿದ್ದಾರೆ.

ಕೊರತೆ ಏನೂ ಇಲ್ಲ. ಹಾರ್ವರ್ಡಿನ ಇಬ್ಬರು ಸಂಶೋಧಕರು 2,250 ಜನರಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನಿನ ಮೂಲಕ ‘ಈಗ ಏನು ಮಾಡ್ತಿದ್ದೀರಿ, ಮನಸ್ಸು ಎಲ್ಲಿದೆ?’ ಅಂತ ಕೇಳಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ ಸುಮಾರು 47 ಸಲ ಮನಸ್ಸು ಬೇರೆಲ್ಲೋ ಇತ್ತು. ಎಲ್ಲರ ಪಾಡೂ ಇದೇ.

ಆದರೆ ನಿಮ್ಮ ಪತ್ರದ ಎರಡನೇ ಪುಟದಲ್ಲಿ, ಮಗಳ ಶಾಲೆ ಫೀಸಿಗೂ ಸೈಟಿನ ಕಂತಿಗೂ ನಡುವೆ, ಒಂದು ಮಾತು ಇದೆ. ‘ಅವ್ವಗ ಈಗೀಗ ಸ್ವಲ್ಪ ಮರೆವು. ಸಂಜೀಕ ರೊಟ್ಟಿ ಬಡಿಯೋವಾಗ ಇಲ್ಲೇ ಕೂಡು ಅಂತಾಳ. ಟೈಮ್ ಆಗೂದಿಲ್ಲ. ವಿಡಿಯೋ ಮಾಡಿ ಇಟ್ಕೊಂಡೀನಿ, ಮುಂದ ನೋಡಾಕ ಬೇಕಾಗ್ತದ.’

ಇದನ್ನು ಓದಿ ಪತ್ರ ಕೆಳಗಿಟ್ಟೆ. ನನ್ನ ಅವ್ವನ ಒಂದು ವಿಡಿಯೋ ನನ್ನ ಹತ್ತಿರವೂ ಇದೆ, 40 ಸೆಕೆಂಡಿನದು. ಅದರಲ್ಲಿ ಅವಳು ನನ್ನ ಕಡೆ ನೋಡಿ ‘ಅದನ್ನ ಅತ್ಲಾಗ ಇಡು, ಇಲ್ಲಿ ಬಾ’ ಅನ್ನುತ್ತಾಳೆ. ನಾನು ಇಡಲಿಲ್ಲ. ಈಗ ಅವಳಿಲ್ಲ, ಆ ವಿಡಿಯೋ ನೋಡಲು ನನಗೆ ಧೈರ್ಯ ಸಾಲುವುದಿಲ್ಲ.

ನೀವು ರೊಟ್ಟಿ ಬಡಿಯುವುದನ್ನು ಕಡೆಯ ಸಲ ಹತ್ತಿರ ಕೂತು ನೋಡಿದ್ದು ಯಾವಾಗ? ಕುದಿಯುವ ನೀರು ಹಾಕಿ ಕಲಸಿದ ಹಿಟ್ಟನ್ನು ಬಿಸಿ ಇರುವಾಗಲೇ ನಾದಬೇಕು. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಅದಕ್ಕೇ ಅಂಗೈ ಬಡಿಯುತ್ತಿದ್ದ ಹಾಗೇ ಬೆರಳು ಅಂಚು ಬಿರಿಯದಂತೆ ಕಾಯುತ್ತಾ ಇರುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಬೇಕು. ಆ ನೀರು ಆರುತ್ತಾ ಬಂದಾಗ ತಿರುವಿ ಹಾಕಬೇಕು, ತಡವಾದರೆ ಬಿರುಕು ಬಿಡುತ್ತದೆ, ಉಬ್ಬುವುದಿಲ್ಲ. ಹೆಸರು ಮರೆಯುವ ನಿಮ್ಮ ಅವ್ವನ ಕೈ ಇದನ್ನು ಮರೆತಿಲ್ಲ. ದಿನಾ ಸಂಜೆ ಅವರು ನಿಮ್ಮನ್ನು ಕರೆಯುತ್ತಿರುವುದೂ ಅಲ್ಲಿಗೇ. ನೀವೋ ಬೆಳಿಗ್ಗೆ ಐದಕ್ಕೆ ಎದ್ದು ಆ್ಯಪಿನಲ್ಲಿ ಹುಡುಕುತ್ತಿದ್ದೀರಿ.

ಇನ್ನೊಂದು ಮಾತು. ಮ್ಯೂಸಿಯಮ್ಮಿನಲ್ಲಿ ಜನರನ್ನು ಸುತ್ತಾಡಿಸಿ ಒಂದು ಪ್ರಯೋಗ ಮಾಡಿದ್ದರು, 2014ರಲ್ಲಿ ಪ್ರಕಟವಾಯಿತು. ಫೋಟೋ ತೆಗೆದ ವಸ್ತುಗಳಿಗಿಂತ ಬರೀ ಕಣ್ಣಿಂದ ನೋಡಿದ ವಸ್ತುಗಳೇ ಅವರಿಗೆ ಜಾಸ್ತಿ ನೆನಪಿದ್ದವು. ಫೋನಿಗೆ ಒಪ್ಪಿಸಿದ್ದನ್ನು ತಲೆ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ, ಅಡುಗೆಮನೆಯೊಳಗೆ ಮೊಬೈಲ್ ಬರಬಾರದು, ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಕಾಗಿಲ್ಲ.

ನಿಮ್ಮ ಮೇಲೆ ನನಗೆ ಜಾಸ್ತಿ ಸಿಟ್ಟಿಲ್ಲ. ಸಿಟ್ಟು ಇರುವುದು ಬೆಂಗಳೂರಿನಲ್ಲಿರುವ ನಿಮ್ಮ ಅಣ್ಣನ ಮೇಲೆ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ‘ಅವ್ವನ ಮುಂದಿನ ವ್ಯವಸ್ಥೆ ಏನು ಮಾಡಿದಿ?’ ಅಂತ ಕೇಳುತ್ತಾರೆ, ಆದರೆ ಯುಗಾದಿಗೂ ಬಂದಿಲ್ಲ, ದೀಪಾವಳಿಗೂ ಬಂದಿಲ್ಲ. ನೀವು ಅವರನ್ನು ‘ಬಹಳ ಕಾಳಜಿ ಇರೋರು’ ಅಂತ ಬರೆದಿದ್ದೀರಿ. ಕಾಳಜಿ ಇದ್ದವರು ರೈಲು ಹತ್ತಿ ಬರುತ್ತಾರೆ. ಅವರು ತಮ್ಮ ಹೆದರಿಕೆಯನ್ನು ದಿನಾ ಸ್ವಲ್ಪ ಸ್ವಲ್ಪ ನಿಮ್ಮ ತಲೆಗೆ ಸುರಿದು ತಾವು ನೆಮ್ಮದಿಯಾಗಿ ಮಲಗುತ್ತಿದ್ದಾರೆ.

ಮರೆವನ್ನು ಮಾತ್ರ ‘ವಯಸ್ಸಾಯ್ತು’ ಅಂತ ಬಿಡಬೇಡಿ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಔಷಧಿ ಇದೆ. ಒಂದು ದಿನ ರಜೆ ಹಾಕಿ ಧಾರವಾಡದಲ್ಲಿರುವ ಮನಸ್ಸು, ನರಗಳ ಕಾಯಿಲೆಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ತೋರಿಸಿ.

ಶಿಬಿರ, ಆ್ಯಪು, ಉಸಿರಿನ ಲೆಕ್ಕ ಎಲ್ಲಾ ಬಿಡಿ. ಮಾಡಬೇಕಾದ್ದು ಒಂದೇ. ಇವತ್ತು ಸಂಜೆ ಮನೆಗೆ ಹೋಗಿ ಕೈಕಾಲು ತೊಳೆದು, ಫೋನನ್ನು ಪಡಸಾಲೆಯ ಮಾಡದಲ್ಲಿಟ್ಟು, ಅವ್ವನ ಪಕ್ಕ ನೆಲದ ಮೇಲೆ ಕೂತುಬಿಡಿ. ಏನೂ ಕೇಳಬೇಡಿ. ಮೊದಲ ರೊಟ್ಟಿ ಉಬ್ಬಿದಾಗ ಅವರು ಅದನ್ನು ನಿಮ್ಮ ತಾಟಿಗೇ ಹಾಕುತ್ತಾರೆ, ಬಿಸಿ ಇರುವಾಗಲೇ ಬೆಣ್ಣೆ ಹಚ್ಚಿ ತಿನ್ನಿ. ಹೇಳಿದ್ದನ್ನೇ ಮತ್ತೆ ಹೇಳಿದರೆ ಮತ್ತೆ ಕೇಳಿ. ಕಡೆಯ ರೊಟ್ಟಿ ಬುಟ್ಟಿಗೆ ಬೀಳುವವರೆಗೂ ಏಳಬೇಡಿ. ಅಷ್ಟರಲ್ಲಿ ಒಂಬತ್ತಾಗಿ ಅಣ್ಣನ ಫೋನ್ ಬಂದರೆ, ರಿಂಗ್ ಆಗುತ್ತಾ ಇರಲಿ.