ಒಂದೆರಡು ಪೀಸಿನ ಸಣ್ಣ ಆರ್ಡರಿಗೂ ಐಎಸ್‌ಒ ಫಾರಂಗಳನ್ನೆಲ್ಲ ತುಂಬಬೇಕಾ?

ಮಾಚೇನಹಳ್ಳಿಯಲ್ಲಿ ಮಷಿನ್ ಶಾಪ್ ಇದೆ, ಐಎಸ್‌ಒ 9001 (ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟ್ ಇದೆ, ಅಡಿಕೆ ಸುಲಿಯುವ ಯಂತ್ರಕ್ಕೆ ಒಂದು ಶಾಫ್ಟ್ ಬೇಕು ಅಂತ ಬರುವವರಿಗೂ ಇಷ್ಟೆಲ್ಲ ಬರೆಯಬೇಕಾ ಅಂತ ಕೇಳಿದ್ದೀರಿ. ಬೇಡ. ಆದರೆ ಸಣ್ಣದು ಅಂತ ವ್ಯವಸ್ಥೆಯಿಂದ ಹೊರಗಿಡಲೂಬೇಡಿ. ಎಷ್ಟು ಫಾರಂ ಇರಬೇಕು ಅಂತ ಈ ಮಾನದಂಡದ 2015ರ ಆವೃತ್ತಿ ಎಲ್ಲೂ ಹೇಳಿಲ್ಲ, ಅದು ನಿಮ್ಮ ಕೈಯಲ್ಲೇ ಇದೆ. ಇಂಥ ಕೆಲಸಕ್ಕೆ ಒಂದೇ ಹಾಳೆಯ ಜಾಬ್ ಕಾರ್ಡ್ (ಆ ಕೆಲಸದ ವಿವರವೆಲ್ಲ ಬರೆಯುವ ಹಾಳೆ) ಸಾಕು.

ನಿಜವಾದ ಅಪಾಯ ಇರೋದು ಆರ್ಡರ್ ತಗೊಳ್ಳುವಾಗ. ಗಿರಾಕಿ ಸವೆದ ಶಾಫ್ಟ್ ತಂದು 'ಇದೇ ತರ ಮಾಡಿಕೊಡಿ' ಅಂತಾರೆ. ಬೇರಿಂಗ್ ಕೂರುವ ಜಾಗ ಅಳೆದರೆ 29.8 ಮಿಮೀ ಬರುತ್ತೆ, ಅದನ್ನೇ ಕಾಪಿ ಹೊಡೆದರೆ ಹೊಸ ಬೇರಿಂಗ್ ಲೂಸ್ ಆಗುತ್ತೆ, ಯಾಕಂದ್ರೆ ಅಲ್ಲಿ ಕೂರುವುದು 6206 ನಂಬರಿನ ಬೇರಿಂಗ್ ಆಗಿದ್ದರೆ ಅದರ ಒಳವ್ಯಾಸ 30 ಮಿಮೀ. ಹಾಗಾಗಿ ಬೇರಿಂಗ್ ನಂಬರ್ ಕೇಳಿ, ಅಳತೆ ಮತ್ತು ಮೆಟೀರಿಯಲ್ ಕಾರ್ಡಿನಲ್ಲಿ ಬರೆದು, ಕೈಚಿತ್ರ ಹಾಕಿ, ಸಹಿ ಹಾಕಿಸಿಕೊಳ್ಳಿ. ಬರೀ ಬಾಯಿಮಾತಿನ ಆರ್ಡರ್ ಆದರೆ ಒಪ್ಪುವ ಮೊದಲೇ ಗಿರಾಕಿಯ ಬೇಡಿಕೆ ಖಚಿತಪಡಿಸಿಕೊಳ್ಳಿ ಅಂತ ಐಎಸ್‌ಒ 9001ರ 8.2.3ನೇ ಕಲಂ ಹೇಳುವುದೂ ಇದನ್ನೇ.

ಮುಗಿದ ಮೇಲೆ ಮುಖ್ಯ ಅಳತೆಗಳನ್ನು ಕ್ಯಾಲಿಬ್ರೇಟ್ ಆದ (ಸರಿಯಾಗಿ ಅಳೆಯುತ್ತೆ ಅಂತ ತಾಳೆ ನೋಡಿದ) ಮೈಕ್ರೋಮೀಟರಿನಲ್ಲಿ ನೋಡಿ ಅದೇ ಕಾರ್ಡಿನಲ್ಲಿ ಬರೆಯಿರಿ. ಸುಮ್ನೆ 'ಓಕೆ' ಅಂತ ಬರೀಬೇಡಿ, ಅಂಕಿನೇ ಬರೀರಿ. ಪಾಸ್ ಮಾಡಿದವರ ಸಹಿಯೂ ಬೇಕು. ಗಿರಾಕಿ ಬಿಟ್ಟುಹೋದ ಹಳೇ ಶಾಫ್ಟಿಗೂ ಜಾಬ್ ನಂಬರಿನ ಚೀಟಿ ಕಟ್ಟಿಡಿ, 8.5.3ನೇ ಕಲಂ ಪ್ರಕಾರ ಅದು ಗಿರಾಕಿಯ ಸ್ವತ್ತು.