ಆಲೂಗಡ್ಡೆ ಸುಲಿಯುವುದನ್ನು ಅಷ್ಟು ಹೊತ್ತು ತೋರಿಸಿದ್ದೇಕೆ?

ನಿರ್ದೇಶಕಿ ಷಾಂತಾಲ್ ಆಕರ್ಮನ್ ಅವರ ‘ಜ್ಯಾನ್ ಡೀಲ್ಮನ್’ (1975) ಚಿತ್ರವನ್ನು ಅರ್ಧಕ್ಕೇ ಬಿಟ್ಟು ಎದ್ದೆ, ಅಡುಗೆಮನೆಯ ಕೆಲಸವನ್ನು ಕತ್ತರಿಸದೆ ತೋರಿಸುವುದರಲ್ಲಿ ಏನಿದೆ ಎಂದು ಕೇಳಿದ್ದೀರಿ. ದಯವಿಟ್ಟು ಕಥೆಯ ಎರಡನೆಯ ದಿನದವರೆಗಾದರೂ ನೋಡಿ.

ಸುಮಾರು 3 ಗಂಟೆ 20 ನಿಮಿಷದ ಈ ಚಿತ್ರದಲ್ಲಿರುವುದು ಬ್ರಸೆಲ್ಸ್‌ನ ಜ್ಯಾನ್ ಎಂಬ ವಿಧವೆಯ ಮೂರು ದಿನಗಳು. ನಮ್ಮ ಬಹುತೇಕ ಸಿನಿಮಾಗಳಲ್ಲಿ ಅಮ್ಮ ಒಲೆಯ ಮುಂದೆ ನಿಂತದ್ದೇ ತಡ, ಊಟ ಬಡಿಸಿ ಆಗಿರುತ್ತದೆ. ನಡುವಿನ ಹೊತ್ತು ಯಾರಿಗೂ ಬೇಕಿಲ್ಲ. ಆಕರ್ಮನ್‌ಗೆ ಬೇಕಿತ್ತು. ಮಧ್ಯಾಹ್ನ ಜ್ಯಾನ್ ಬಳಿ ಹಣ ಕೊಟ್ಟು ಬರುವ ಗಂಡಸರಿದ್ದಾರೆ. ಆದರೆ ಮೊದಲೆರಡು ದಿನ ಮಲಗುವ ಕೋಣೆಯ ಬಾಗಿಲು ಮುಚ್ಚಿದಾಗ ಕ್ಯಾಮೆರಾ ಹೊರಗೇ ನಿಲ್ಲುತ್ತದೆ. ನನಗೆ ಇಡೀ ಚಿತ್ರದ ದಿಟ್ಟ ನಿರ್ಧಾರ ಇದೇ.

ಎರಡನೆಯ ದಿನ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತದೆ. ಪಾತ್ರೆಯನ್ನು ಕೈಯಲ್ಲಿ ಹಿಡಿದು, ಎಲ್ಲಿಡಬೇಕೆಂದು ತೋಚದೆ ಆಕೆ ಮನೆಯೊಳಗೆ ಸುತ್ತುತ್ತಾಳೆ. ಮತ್ತೆ ಅಂಗಡಿಗೆ ಹೋಗಿ ತಂದು ಸುಲಿಯಲು ಕೂರುತ್ತಾಳೆ. ಮೊದಲ ದಿನದ ಅಚ್ಚುಕಟ್ಟನ್ನು ಪೂರ್ತಿ ನೋಡಿದವರಿಗೆ ಮಾತ್ರ ಇಲ್ಲಿ ಎದೆ ಧಸಕ್ಕೆನ್ನುತ್ತದೆ. ಜ್ಯಾನ್ ಪಾತ್ರದ ನಟಿ ಡೆಲ್ಫೀನ್ ಸೇರಿಗ್ ಅತ್ತು ತೋರಿಸುವುದಿಲ್ಲ, ಕೈಗಳ ಲಯ ತಪ್ಪಿಸುತ್ತಾರೆ, ಅಷ್ಟೇ.

ಕನ್ನಡದಲ್ಲಾದರೆ ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ನೋಡಿ. ಎಂ.ಕೆ. ಇಂದಿರಾ ಅವರ ಕಾದಂಬರಿ ಅದಕ್ಕೆ ಆಧಾರ. ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಿಣಿಯ ಪರವಾಗಿ ಬಾಲವಿಧವೆ ಫಣಿಯಮ್ಮ ನಿಲ್ಲುವ ಭಾಗವನ್ನು ಅವಸರವಿಲ್ಲದೆ ನೋಡಿ.